ಮ್ಯಾಂಡರಿನ್ ಮೀನಿಗೆ ಜೀವಂತ ಊಟ: ಮನೆಯಲ್ಲೇ ಕೋಪೆಪಾಡ್ ಬೆಳೆಸುವುದು ಹೇಗೆ?

ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ ಮ್ಯಾಂಡರಿನ್ ಮೀನು ಹಗಲಿಡೀ ಕಲ್ಲಿನ ಸಂದಿಗೊಂದಿಗಳಲ್ಲಿ ಕೋಪೆಪಾಡ್‌ಗಳನ್ನು (ಸಿಗಡಿ ಜಾತಿಯ ಅತಿ ಸಣ್ಣ ಜಲಜೀವಿಗಳು) ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಬಹುಪಾಲು ಮ್ಯಾಂಡರಿನ್‌ಗಳು ಒಣ ಆಹಾರವನ್ನು ಮೂಸಿಯೂ ನೋಡುವುದಿಲ್ಲ. ತೊಟ್ಟಿಯಲ್ಲಿದ್ದ ಕೋಪೆಪಾಡ್ ಮುಗಿದರೆ ನಮ್ಮ ಕಣ್ಣೆದುರೇ ಸೊರಗಿ ಸಾಯುತ್ತವೆ. ಕಡಲ್ಗುದುರೆಗೆ ಜಠರವೇ ಇಲ್ಲ, ಅದಕ್ಕೂ ಪದೇ ಪದೇ ಮೇವು ಬೇಕು. ಇಂಥ ಮೀನು ಸಾಕುವವರು ಮೊದಲು ಅದರ ಊಟವನ್ನು ಸಾಕಲು ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸಬರು ಟಿಗ್ರಿಯೋಪಸ್ ಅಥವಾ ಟಿಸ್ಬೆ ತಳಿಯಿಂದ ಶುರು ಮಾಡಿ. ಟಿಗ್ರಿಯೋಪಸ್ ಸುಮಾರು ಒಂದು ಮಿಲಿಮೀಟರ್ ಉದ್ದ, ಕಿತ್ತಳೆಗೆಂಪು ಬಣ್ಣ, ಉಪ್ಪಿನಂಶ ಏರುಪೇರಾದರೂ ತಾಳಿಕೊಳ್ಳುತ್ತದೆ. ಟಿಸ್ಬೆ ಇನ್ನೂ ಚಿಕ್ಕದು, ಗೋಡೆಗೂ ಕಲ್ಲಿಗೂ ಅಂಟಿಕೊಂಡೇ ಓಡಾಡುತ್ತದೆ. ನೀರಿನಲ್ಲಿ ತೇಲುವ ಪಾರ್ವೊಕಲಾನಸ್‌ಗೆ ಜೀವಂತ ಪಾಚಿಯೇ ಬೇಕು, ಸದ್ಯಕ್ಕೆ ಅದರ ಗೊಡವೆ ಬೇಡ.

ಐದರಿಂದ ಹತ್ತು ಲೀಟರಿನ ಎರಡು ಡಬ್ಬಗಳನ್ನು ತೆಗೆದುಕೊಳ್ಳಿ. ಒಂದು ಕೆಟ್ಟರೆ ಇನ್ನೊಂದು ಉಳಿಯಲಿ. ಸೋಪು ಮುಟ್ಟಿಸಬೇಡಿ. ತಾಮ್ರದ ಔಷಧ ಹಾಕಿದ್ದ ಹಳೆಯ ತೊಟ್ಟಿಯಂತೂ ಬೇಡವೇ ಬೇಡ, ಸಿಗಡಿ ಜಾತಿಯ ಜೀವಿಗಳಿಗೆ ತಾಮ್ರ ವಿಷ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಸಾಪೇಕ್ಷ ಸಾಂದ್ರತೆ 1.023ರಿಂದ 1.025ರೊಳಗೆ ಬರುವಂತೆ ನೋಡಿಕೊಳ್ಳಿ. ಏರ್ ಪಂಪಿನ ಕೊಳವೆಯನ್ನು ತಳದವರೆಗೆ ಇಳಿಬಿಟ್ಟು, ಸೆಕೆಂಡಿಗೆ ಒಂದೆರಡು ದೊಡ್ಡ ಗುಳ್ಳೆ ಬರುವಷ್ಟು ಗಾಳಿ ಬಿಡಿ. ಏರ್ ಸ್ಟೋನ್ ಬೇಡ, ಅದರ ಸಣ್ಣ ಗುಳ್ಳೆಗಳು ಮರಿಗಳಿಗೆ ತೊಂದರೆ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಾಕು. ನೇರ ಬಿಸಿಲು ಬೀಳಬಾರದು. ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿಡಿ. ಆವಿಯಾಗಿ ಇಳಿದಷ್ಟನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದಲೇ ತುಂಬಿ, ಏಕೆಂದರೆ ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿದಿರುತ್ತದೆ.

ಮೇವು ಹಾಕುವುದರಲ್ಲೇ ಹೆಚ್ಚಿನವರು ಎಡವುವುದು. ನ್ಯಾನೊಕ್ಲೋರಾಪ್ಸಿಸ್, ಐಸೊಕ್ರೈಸಿಸ್, ಟೆಟ್ರಾಸೆಲ್ಮಿಸ್‌ನಂಥ ಫೈಟೋಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ, ಕೋಪೆಪಾಡ್‌ಗಳ ಆಹಾರ. ಡಬ್ಬದ ಹಿಂದೆ ಪತ್ರಿಕೆಯೊಂದನ್ನು ಹಿಡಿಯಿರಿ. ನೀರು ತಿಳಿ ಹಸಿರಾಗಿದ್ದು ಆಚೆಯ ಅಕ್ಷರ ಓದಲು ಬಂದರೆ ಅಷ್ಟು ಸಾಕು. ಒಂದೆರಡು ದಿನದಲ್ಲಿ ನೀರು ತಿಳಿಯಾದಾಗ ಮತ್ತೆ ಹಾಕಿ, ತಿಳಿಯಾಗದಿದ್ದರೆ ಕಾಯಿರಿ. ಹಸಿವಿನಿಂದ ಸಾಯುವುದಕ್ಕಿಂತ ಅತಿಯಾದ ಮೇವಿನಿಂದ ಸಾಯುವುದೇ ಹೆಚ್ಚು: ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯ ಏರುತ್ತದೆ, ಆಮ್ಲಜನಕ ಇಳಿಯುತ್ತದೆ, ಡಬ್ಬ ನಾರತೊಡಗುತ್ತದೆ. ವಾರಕ್ಕೊಮ್ಮೆ ತಳದ ಕೊಳೆಯನ್ನು ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ, ಜೊತೆಗೆ ಬಂದ ಕೋಪೆಪಾಡ್‌ಗಳನ್ನು ಸೋಸಿ ವಾಪಸ್ ಬಿಡಿ.

ಎರಡು ಮೂರು ವಾರ ಮೀನಿಗಾಗಿ ಕೋಪೆಪಾಡ್‌ಗಳನ್ನು ತೆಗೆಯಬೇಡಿ. ಆಮೇಲೆ ಕತ್ತಲಲ್ಲಿ ಡಬ್ಬದ ಪಕ್ಕಕ್ಕೆ ಟಾರ್ಚ್ ಬಿಟ್ಟು ನೋಡಿ. ಹೆಣ್ಣುಗಳ ಹಿಂಬದಿಗೆ ಮೊಟ್ಟೆಗಳ ಪುಟ್ಟ ಚೀಲ ಅಂಟಿಕೊಂಡಿರುತ್ತದೆ. ಸುತ್ತ ದೂಳಿನ ಕಣದಂತೆ ಕುಪ್ಪಳಿಸುವ ಬಿಳಿ ಚುಕ್ಕೆಗಳೇ ಮರಿಗಳು. ಭೂತಗನ್ನಡಿ ಇದ್ದರಂತೂ ಎಷ್ಟು ಹೊತ್ತು ನೋಡಿದರೂ ಬೇಸರವಾಗದು.

ಚೆನ್ನಾಗಿ ತುಂಬಿಕೊಂಡ ಮೇಲೆ, ಒಮ್ಮೆಗೆ ಕಾಲು ಭಾಗದಷ್ಟು ನೀರು ಮಾತ್ರ ಸೋಸಿ. 120 ಮೈಕ್ರಾನ್ ಜರಡಿಯಲ್ಲಿ ದೊಡ್ಡವು ನಿಲ್ಲುತ್ತವೆ, ಮರಿಗಳು ಬೇಕಿದ್ದರೆ 50 ಮೈಕ್ರಾನ್ ಆಸುಪಾಸಿನದು ಬೇಕು. ಸೋಸಿದ ನೀರನ್ನು ಮೀನಿನ ತೊಟ್ಟಿಗೆ ಸುರಿಯಬೇಡಿ, ಅದರಲ್ಲಿ ನೈಟ್ರೇಟ್ ತುಂಬಿರುತ್ತದೆ. ತೆಗೆದಷ್ಟೇ ಹೊಸ ಉಪ್ಪುನೀರು ಡಬ್ಬಕ್ಕೆ ಸೇರಿಸಿ. ರಾತ್ರಿ ದೀಪ ಆರಿಸಿ, ಪಂಪುಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಕೋಪೆಪಾಡ್‌ಗಳನ್ನು ಕಲ್ಲುಗಳ ಬುಡಕ್ಕೆ ಬಿಟ್ಟರೆ ಒಂದಷ್ಟು ಸಂದಿ ಸೇರಿ ಅಲ್ಲೇ ಮರಿ ಮಾಡುತ್ತವೆ.

ಪ್ರತಿ ಡಬ್ಬಕ್ಕೂ ಬೇರೆ ಬೇರೆ ಜರಡಿ, ಬೇರೆ ಪೈಪು ಇರಲಿ. ರೋಟಿಫರ್ ಎಂಬ ಇನ್ನೊಂದು ಸೂಕ್ಷ್ಮ ಜಲಜೀವಿ ಒಮ್ಮೆ ನುಸುಳಿದರೆ ಮೇವನ್ನೆಲ್ಲ ತಾನೇ ಮುಕ್ಕಿ ಬೇಗ ಹಬ್ಬುತ್ತದೆ. ಆಗ ದೊಡ್ಡ ಕೋಪೆಪಾಡ್‌ಗಳನ್ನು ಜರಡಿಯಲ್ಲಿ ಹಿಡಿದು, ಶುದ್ಧ ಉಪ್ಪುನೀರಿನಲ್ಲಿ ಎರಡು ಮೂರು ಸಲ ತೊಳೆದು, ಹೊಸ ಡಬ್ಬದಲ್ಲಿ ಮೊದಲಿನಿಂದ ಆರಂಭಿಸಿ.