ಬೆಳಿಗ್ಗೆ ಹತ್ತೂವರೆಗೆ ಕ್ರಿಸ್ಮಸ್ ಊಟ

"ಹತ್ತೂವರೆಗೆ ಕ್ರಿಸ್ಮಸ್ ಊಟವಾ? ಯಾರಾದ್ರೂ ಕೇಳಿದ್ರೆ ನಗ್ತಾರೆ ಮಾರಾಯ್ತಿ" ಅಂದಿದ್ದರು ಅತ್ತೆ. ಭಾವ ಫೋನಿನಲ್ಲೇ ನಕ್ಕರು. ನನ್ನ ಗಂಡ ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದರೆ ಒಪ್ಪಿಲ್ಲ ಅಂತಲೇ ಅರ್ಥ. ಈಗ ಅದೇ ಭಾವ ಅಕ್ಟೋಬರಿನಲ್ಲೇ ಫೋನ್ ಮಾಡಿ "ಈ ಸಲ ಎಷ್ಟು ಗಂಟೆಗೆ ಬರಬೇಕು?" ಅಂತ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಮ್ಮ ಊರು ಮಂಗಳೂರಿನ ಹತ್ತಿರ, ಮನೆ ಈಗ ಆಸ್ಟ್ರೇಲಿಯಾದ ಮೆಲ್ಬರ್ನಿನ ಟಾರ್ನೀಟ್‌ನಲ್ಲಿ. ಇಲ್ಲಿಯ ಡಿಸೆಂಬರ್ ಹೇಗಿರುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಆಗ ಇಲ್ಲಿ ಬೇಸಿಗೆ, ಉತ್ತರದ ಬಿಸಿಗಾಳಿ ಬೀಸಿದ ದಿನ 40 ಡಿಗ್ರಿ, ಮರುದಿನ ಸ್ವೆಟರ್. ಮಕ್ಕಳಿಗೆ ಜನವರಿ ಕೊನೆಯವರೆಗೆ ರಜೆ. ಎಲ್ಲರೂ ಮನೆಯಲ್ಲೇ, ಎಲ್ಲರಿಗೂ ಸೆಖೆ, ಎಲ್ಲರಿಗೂ ಹಸಿವು.

ಮೊದಲ ವರ್ಷ ಇಲ್ಲಿಯವರ ಹಾಗೆ ಟರ್ಕಿ ಹುರಿಯೋಣ ಅಂತ ಹೋದೆ. ಐದು ಕೆಜಿಯ ಹಕ್ಕಿ, ನಾಲ್ಕು ಗಂಟೆ ಓವನ್. ಏಸಿ ಇದ್ದದ್ದು ಹಾಲ್‌ನಲ್ಲಿ ಮಾತ್ರ. ಊಟದ ಹೊತ್ತಿಗೆ ಅಡುಗೆಮನೆಗೆ ಕಾಲಿಡಲೂ ಆಗುತ್ತಿರಲಿಲ್ಲ, ಟರ್ಕಿ ಯಾರಿಗೂ ಬೇಡವಾಗಿತ್ತು. ಅತ್ತೆ ಗಂಜಿ, ಉಪ್ಪಿನಕಾಯಿ ಉಂಡು ಮಲಗಿದರು.

ಎರಡನೇ ವರ್ಷ ಗ್ರೇಟ್ ಓಶನ್ ರೋಡಿನಲ್ಲಿ, ಲಾರ್ನ್ ಹತ್ತಿರ ಮನೆ ಬಾಡಿಗೆಗೆ ಹಿಡಿದೆವು. ನಾಲ್ಕು ರಾತ್ರಿಗೆ 2,600 ಡಾಲರ್ ಹತ್ತಿರ ಆಯಿತು. ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು 1919ರಿಂದ 1932ರವರೆಗೆ ಪಿಕಾಸಿ, ಗುದ್ದಲಿ ಹಿಡಿದು ಕಡಿದ ರಸ್ತೆ ಅದು. ಅದರ ಮೇಲೆ ನಾವು ಕಾರಿನೊಳಗೆ ಎರಡು ಗಂಟೆ ತೆವಳಿದೆವು. ಸಣ್ಣವಳು ಎರಡು ಸಲ ವಾಂತಿ ಮಾಡಿದಳು. ನಾಲ್ಕರಲ್ಲಿ ಎರಡು ದಿನ ಮಳೆ.

ಮೂರನೇ ವರ್ಷ 180 ಡಾಲರ್ ಕೊಟ್ಟು ಇದ್ದಿಲಿನ ಒಲೆ ತಂದೆ. ಆಲ್ಟೋನ ಬೀಚ್‌ಗೆ ಹೋಗುವ ಪ್ಲ್ಯಾನ್. ಆ ದಿನ ಟೋಟಲ್ ಫೈರ್ ಬ್ಯಾನ್, ಇದ್ದಿಲು ಮುಟ್ಟುವ ಹಾಗಿಲ್ಲ. ಹೋಗಲಿ, ಪಾರ್ಕಿನ ಬಿಟ್ಟಿ ಕರೆಂಟ್ ಬಾರ್ಬೆಕ್ಯೂ ಇದೆಯಲ್ಲ ಅಂತ ಹನ್ನೊಂದೂವರೆಗೆ ಹೋದರೆ ಒಂದು ಟೇಬಲ್ ಖಾಲಿ ಇರಲಿಲ್ಲ. ಕಾರಿನ ಡಿಕ್ಕಿ ತೆರೆದು ಅಲ್ಲೇ ನಿಂತು ಉಂಡೆವು. ಒಲೆ ಇವತ್ತಿಗೂ ಗ್ಯಾರೇಜಿನಲ್ಲಿದೆ, ಯಾರಿಗಾದರೂ ಬೇಕಾ?

ಆಗ ಹೊಳೆದದ್ದು ಇಷ್ಟೇ. ಮಂಗಳೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ಯಾರು ಹೊರಗೆ ತಿರುಗುತ್ತಾರೆ? ನಾಯಿಯೂ ತಿರುಗುವುದಿಲ್ಲ. ಇಲ್ಲಿ ಮಾತ್ರ ನಾವು ಹನ್ನೆರಡು ಗಂಟೆಗೆ ಬೀಚ್‌ಗೆ ಹೋಗಿ ಬೇಯುತ್ತೇವೆ. ದಿನವನ್ನು ಎರಡು ತುಂಡು ಮಾಡಿದೆ. ಬೆಳಿಗ್ಗೆ ಆರರಿಂದ ಹನ್ನೆರಡು ಬೀಚ್, ಹತ್ತೂವರೆಗೆ ಅಲ್ಲೇ ಊಟ, ಆಮೇಲೆ ಮನೆ, ಪರದೆ ಎಳೆದು ನಿದ್ದೆ, ಸಂಜೆ ಆರರಿಂದ ಮತ್ತೆ ನೀರು. ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಮುಕ್ಕಾಲು ಒಂಬತ್ತಕ್ಕೆ, ಸಂಜೆಯೂ ಒಂದು ಇಡೀ ದಿನದಷ್ಟು ಉದ್ದ. ಚರ್ಚಿನ ಬಲಿಪೂಜೆಯನ್ನು 24ರ ಸಂಜೆಯೇ ಮುಗಿಸಿದರೆ ಬೆಳಗು ಪೂರ್ತಿ ಕೈಯಲ್ಲಿರುತ್ತದೆ.

ಟೇಬಲ್ ಹಿಡಿಯುವ ಕೆಲಸ ಗಂಡನದು. ಮುಕ್ಕಾಲು ಆರಕ್ಕೆ ಫ್ಲಾಸ್ಕ್, ಕುರ್ಚಿ, ಪೇಪರ್ ಜೊತೆ ಹೋಗಿ ಕೂರುತ್ತಾರೆ. ಬಟ್ಟೆ ಹಾಸಿ ಮನೆಗೆ ಬಂದರೆ ನಡೆಯುವುದಿಲ್ಲ, ಮನುಷ್ಯ ಕೂತಿರಬೇಕು. ಯಾವ ಟೇಬಲ್ ಅಂತ ಮಾತ್ರ ಕೇಳಬೇಡಿ. ಹತ್ತರ ಮೇಲೂ ನೆರಳು ಉಳಿಯುವುದು ಅಲ್ಲಿ ಒಂದೆರಡಕ್ಕೆ ಮಾತ್ರ, ಹುಡುಕಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಅಡುಗೆ ದುಕ್ರಾಮಾಸ್ (ಹಂದಿ ಮಾಂಸದ ಸಾರು), ಸನ್ನಾ (ಉಬ್ಬಿಸಿದ ಅಕ್ಕಿ ಹಿಟ್ಟಿನ, ಇಡ್ಲಿಯಂಥ ತಿಂಡಿ), ಸಿಗಡಿ. ದುಕ್ರಾಮಾಸ್ ಹೇಗೂ ಮರುದಿನವೇ ರುಚಿ. 22ಕ್ಕೇ ಮಾಡಿ ಐಸ್‌ಕ್ರೀಮ್ ಡಬ್ಬಗಳಲ್ಲಿ ಗಟ್ಟಿ ಮಾಡುತ್ತೇನೆ. ಎಸ್ಕಿ ಅನ್ನುವ ತಂಪು ಪೆಟ್ಟಿಗೆಯೊಳಗೆ ಅದು ಮತ್ತು ಮಜ್ಜಿಗೆಯ ಬಾಟಲಿಗಳೇ ಐಸ್. ಅಂಗಡಿಯ ಐಸ್ ಮೂಟೆಗೆ ಕೊಡುತ್ತಿದ್ದ ದುಡ್ಡು ಉಳಿಯಿತು. ಅಲ್ಲಿ ಅಲ್ಯೂಮಿನಿಯಂ ಟ್ರೇಗೆ ಸುರಿದು ಬಾರ್ಬೆಕ್ಯೂವಿನ ಬಿಸಿ ಪ್ಲೇಟಿನ ಮೇಲೆ ಇಟ್ಟರೆ ಆಯಿತು. ಆ ಪ್ಲೇಟ್ ಹತ್ತು ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಬಟನ್ ಒತ್ತುವುದಕ್ಕೆ ಒಬ್ಬ ಹುಡುಗನನ್ನು ನೇಮಿಸಿ.

ಸನ್ನಾ ನನ್ನನ್ನು ಅಳಿಸಿದೆ. ಊರಲ್ಲಾದರೆ ಶೇಂದಿ, ಇಲ್ಲಿ ಯೀಸ್ಟ್. ಚಳಿಗಾಲದಲ್ಲಿ ಹದಿನಾಲ್ಕು ಗಂಟೆ ಇಟ್ಟರೂ ಉಬ್ಬದ ಹಿಟ್ಟು, ಆ ಸೆಖೆಯಲ್ಲಿ ನಾಲ್ಕು ಗಂಟೆಯೊಳಗೆ ಪಾತ್ರೆ ದಾಟಿ, ಕಟ್ಟೆ ದಾಟಿ, ಡ್ರಾಯರ್‌ನ ಚಮಚಗಳ ಮೇಲೆ ಇಳಿದಿತ್ತು. ಹುಳಿ ಅಂದರೆ ಹುಳಿ. ಈಗ ಐಸ್ ನೀರು ಹಾಕಿಯೇ ರುಬ್ಬುತ್ತೇನೆ, 24ರ ರಾತ್ರಿ ಬೇಯಿಸುತ್ತೇನೆ. ಬೆಳಿಗ್ಗೆ ನಾಲ್ಕು ನಾಲ್ಕನ್ನು ಫಾಯಿಲ್‌ನಲ್ಲಿ ಸುತ್ತಿ, ಒಂದು ಚಮಚ ನೀರು ಚಿಮುಕಿಸಿ ಪ್ಲೇಟ್ ಮೇಲೆ. ಹಬೆ ಕಟ್ಟಿ ಹೊಸದರ ಹಾಗೆ ಆಗುತ್ತದೆ. ಮರುದಿನಕ್ಕೂ ಮೆತ್ತಗಿರಲು ಹಿಟ್ಟಿಗೆ ಒಂದು ವಸ್ತು ಸೇರಿಸುತ್ತೇನೆ, ಅದು ಅತ್ತೆಯ ಗುಟ್ಟು, ನನ್ನದಲ್ಲ.

ಸಿಗಡಿಗೆ ಬಫಾತ್ ಪುಡಿ (ನಮ್ಮ ಕಡೆಯ ಮಸಾಲೆ ಪುಡಿ), ವಿನೆಗರ್, ಉಪ್ಪು. ಪ್ಲೇಟಿಗೆ ಬಿದ್ದು ಚುಂಯ್ ಅಂದ ಕೂಡಲೇ ಪಕ್ಕದ ಟೇಬಲ್‌ನ ಅಜ್ಜ ತಟ್ಟೆ ಹಿಡಿದೇ ಬಂದರು. ಸೀಗಲ್‌ ಹಕ್ಕಿಗಳೂ ಬಂದವು. ಭಾವನ ಫೋರ್ಕಿನಿಂದಲೇ ಒಂದು ಸಿಗಡಿ ಹೋಯಿತು. ಆಗ ನಾನು ನಕ್ಕೆ.

ಭಾವನ ಮನೆಯವರು ಡ್ಯಾಂಡಿನಾಂಗ್ ಕಡೆಯಿಂದ ರೈಲಿನಲ್ಲಿ ಬರುತ್ತಾರೆ. 25ರಂದು ಇಲ್ಲಿ ರೈಲು, ಟ್ರಾಮ್, ಬಸ್ಸು ಬಿಟ್ಟಿ, ಪಾರ್ಕಿಂಗ್ ತಲೆನೋವೂ ಇಲ್ಲ. ಹನ್ನೆರಡು ಜನಕ್ಕೆ ಒಟ್ಟು 250, 260 ಡಾಲರ್ ಆಗಿರಬೇಕು. ಸಿಗಡಿಯೇ 90ರ ಮೇಲೆ, ಕ್ರಿಸ್ಮಸ್ ವಾರದ ಬೆಲೆ ಗೊತ್ತಲ್ವಾ. ಮಾವು, ಚೆರ್ರಿ ಆಗ ಅಗ್ಗ, ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಂದು ಎಚ್ಚರಿಕೆ. ಆಲ್ಟೋನದಲ್ಲಿ ಸಮುದ್ರ ಇರುವುದು ದಕ್ಷಿಣಕ್ಕೆ. ಉತ್ತರದ ಗಾಳಿ ಬೀಸಿದರೆ ನೀರು ಕನ್ನಡಿಯ ಹಾಗೆ ನುಣ್ಣಗೆ ಕಾಣುತ್ತದೆ, ಆದರೆ ತೇಲುವ ಯಾವುದನ್ನಾದರೂ ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ನಮ್ಮ 45 ಡಾಲರ್‌ನ ಗಾಳಿ ತುಂಬಿದ ಕುದುರೆ ಹಾಗೇ ಹೋಯಿತು. ಪುಣ್ಯಕ್ಕೆ ಮೇಲೆ ಯಾರೂ ಇರಲಿಲ್ಲ. ಹಿಂದೆ ಈಜಲು ಹೊರಟ ದೊಡ್ಡವನನ್ನು ಗಂಡ ಅಂಗಿ ಹಿಡಿದು ಎಳೆದರು. ಅಂಗಿ ಹರಿಯಿತು. ಈಗ ಉತ್ತರದ ಗಾಳಿ ಇದ್ದರೆ ತೇಲುವ ಆಟಿಕೆ ಕಾರಿನಿಂದ ಇಳಿಯುವುದೇ ಇಲ್ಲ.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ಪಾವ್ಲೋವಾಗೆ (ಮೊಟ್ಟೆಯ ಬಿಳಿ, ಸಕ್ಕರೆ ಕಡೆದು ಬೇಯಿಸುವ ಸಿಹಿ) ಸಕ್ಕರೆ ಬದಲು ಬೆಲ್ಲ ಹಾಕಿದೆ, ಪಾಯಸ ಆಯಿತು. ಈಗ ಅಂಗಡಿಯ ಪಾವ್ಲೋವಾ ತಂದು ಮೇಲೆ ಏಲಕ್ಕಿ ಕ್ರೀಮ್, ಮಾವು ಹಾಕುತ್ತೇನೆ, ಯಾರೂ ಕೇಳುವುದಿಲ್ಲ. ಯೇಸು ಹುಟ್ಟಿದ ದೃಶ್ಯದ ಗೋದಲಿಗೆ ಹಸಿರು ಬೇಕು ಅಂತ ಟ್ರೇಯಲ್ಲಿ ರಾಗಿ ಬಿತ್ತಿದ್ದೆ. ಚೆಂದ ಬಂದಿತ್ತು, ಒಂದೇ ಮಧ್ಯಾಹ್ನದ ಬಿಸಿಗಾಳಿಗೆ ಹುಲ್ಲಾಯಿತು. ಕುಸ್ವಾರ್‌ನಲ್ಲಿ, ಅಂದರೆ ಕ್ರಿಸ್ಮಸ್ ತಿಂಡಿಗಳಲ್ಲಿ, ಕಿಡಿಯೊ, ನೆವ್ರಿ ಎರಡೇ ಸಾಕು, ಅದನ್ನೂ ಮಾಡುವುದು ರಾತ್ರಿ ಹತ್ತರ ಮೇಲೆ.

ಉಳಿದ ರಜೆಗೂ ಇದೇ ಲೆಕ್ಕ. ಸುಡುವ ದಿನ ಗಾಳಿ ತಂಪಾದ ದಕ್ಷಿಣದ ಗಾಳಿಗೆ ಎಷ್ಟು ಗಂಟೆಗೆ ತಿರುಗುತ್ತದೆ ಅಂತ ಹವಾಮಾನದ ಆ್ಯಪ್‌ನಲ್ಲಿ ನೋಡಿ, ಆಮೇಲೆ ಹೊರಡುತ್ತೇವೆ. ಒಂದು ಗಂಟೆಯೊಳಗೆ ಹದಿನೈದು ಡಿಗ್ರಿ ಇಳಿದದ್ದೂ ಉಂಟು. ವೆಸ್ಟ್ ಗೇಟ್ ಸೇತುವೆ ದಾಟಿ ಹಾಫ್ ಮೂನ್ ಬೇ ಬೀಚ್‌ಗೆ ಹೋದರೆ, 1926ರಲ್ಲಿ ಅಲೆ ತಡೆಯಲೆಂದು ಮುಳುಗಿಸಿದ ಸೆರ್ಬರಸ್ ಅನ್ನುವ ಯುದ್ಧನೌಕೆ ದಡದಿಂದಲೇ ಕಾಣುತ್ತದೆ. ಮಕ್ಕಳು ಎರಡು ಗಂಟೆ ಅಲ್ಲಾಡುವುದಿಲ್ಲ. ಫಿಲಿಪ್ ಐಲ್ಯಾಂಡಿನ ಪೆಂಗ್ವಿನ್‌ಗೆ ಮಾತ್ರ ಬೇಸಿಗೆಯಲ್ಲಿ ಹೋಗಬೇಡಿ. ಅವು ದಡಕ್ಕೆ ಬರುವುದು ಕತ್ತಲಾದ ಮೇಲೆ, ಅಂದರೆ ಒಂಬತ್ತರ ಮೇಲೆ. ಟಿಕೆಟ್ ಕೊಟ್ಟು ನಿದ್ದೆ ಮಾಡಿದ ಇಬ್ಬರು ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ನಾವಿಬ್ಬರೇ ನೋಡಿ ಬಂದೆವು. ಏಪ್ರಿಲ್‌ನಲ್ಲಾದರೆ ಬೇಗ ಕತ್ತಲು.

26ಕ್ಕೆ ಗಂಡ, ಭಾವ ಎಂಸಿಜಿ ಮೈದಾನಕ್ಕೆ ಬಾಕ್ಸಿಂಗ್ ಡೇ ಕ್ರಿಕೆಟ್ ಟೆಸ್ಟ್ ನೋಡಲು ಹೋಗುತ್ತಾರೆ. ನಾನು ಉಳಿದ ಸನ್ನಾಕ್ಕೆ ಬೆಣ್ಣೆ ಹಚ್ಚಿ ಹುರಿದು, ತಿಂದು, ಫ್ಯಾನ್ ಕೆಳಗೆ ಮಲಗುತ್ತೇನೆ.