ಘಾಟಿ ಇಳಿಯುವ ಮೊದಲು ಹಾಲು ಕುಡಿಸಬೇಡಿ

ದೊಡ್ಡ ಮಗಳನ್ನು ಕರಕೊಂಡು ಮೊದಲ ಸಲ ಕಾರಲ್ಲಿ ಊರಿಗೆ ಹೋದಾಗ ಅವಳಿಗೆ ಮೂರು ವರ್ಷ. ಸಕಲೇಶಪುರದಲ್ಲಿ ಹಸಿವು ಅಂದಳು ಅಂತ ಒಂದು ಲೋಟ ಹಾಲು, ಮೇಲಿಂದ ನಾಲ್ಕು ಬಿಸ್ಕತ್ತು ಕೊಟ್ಟೆ. ಶಿರಾಡಿಯ ತಿರುವಿನಲ್ಲಿ ಅಷ್ಟೂ ವಾಪಸ್ ಬಂತು, ಅದೂ ಅಮ್ಮನಿಗೆ ಅಂತ ತಗೊಂಡ ಸೀರೆಯ ಚೀಲದ ಮೇಲೆ. ಸೀಟಿನ ಹೊಲಿಗೆಯೊಳಗೆ ಇಳಿದ ಹಾಲಿನ ವಾಸನೆ ಮೂರು ವಾರ ಹೋಗಲಿಲ್ಲ.

ಆಮೇಲೆ ಏಳು ಸಲ ಹೋಗಿ ಬಂದಿದ್ದೇವೆ. ಈಗ ಅವಳಿಗೆ ಏಳು, ಚಿಕ್ಕವನಿಗೆ ಎರಡೂವರೆ. ವಾಸ ಬೆಂಗಳೂರು, ನನ್ನ ತವರು ಕುಂದಾಪುರದ ಹತ್ತಿರ ಕೋಟ. ಗಾಡಿ ಓಡಿಸುವುದು ನಾನು. ಹಿಂದೆ ಮಕ್ಕಳ ಜೊತೆ ಕೂರುವುದು ಇವರು, ಅವರದ್ದೇ ಹೆಚ್ಚು ಕಷ್ಟದ ಕೆಲಸ.

ಒಂದೇ ದಿನಕ್ಕೆ ಮುಟ್ಟಬೇಕು ಅನ್ನುವ ಹಟ ಮೊದಲು ಬಿಡಿ. ಮಕ್ಕಳಾಗುವ ಮೊದಲು ನಾವೂ ಬೆಳಿಗ್ಗೆ ನಾಲ್ಕಕ್ಕೆ ಹೊರಟು ಮಧ್ಯಾಹ್ನದ ಊಟಕ್ಕೆ ಕೋಟದಲ್ಲಿ ಇರ್ತಿದ್ದೆವು. ಈಗ ಹಾಸನದಲ್ಲಿ ಇವರ ಅಕ್ಕನ ಮನೆಯಲ್ಲಿ ಒಂದು ರಾತ್ರಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಸುಮಾರು 180 ಕಿ.ಮೀ. ಮಕ್ಕಳು ಮಧ್ಯಾಹ್ನ ನಿದ್ದೆ ಮಾಡುವ ಹೊತ್ತಿಗೆ ಹೊರಟರೆ ಅರ್ಧ ದಾರಿ ಅವರಿಗೆ ಗೊತ್ತೇ ಆಗುವುದಿಲ್ಲ. ಹಾಸನದಲ್ಲಿ ನೆಂಟರಿಲ್ಲದಿದ್ದರೆ ರೂಮ್ ಮಾಡಿ, ಆ ದುಡ್ಡು ದಂಡ ಅಲ್ಲ. ಘಾಟಿಯನ್ನು ಬೆಳಿಗ್ಗೆ, ನಿದ್ದೆ ಆದ ಮಕ್ಕಳ ಜೊತೆ, ನಿದ್ದೆ ಆದ ಡ್ರೈವರ್ ಇಳಿಸುವುದು ಬೇರೆಯೇ ಕಥೆ.

ಯಾವ ಘಾಟಿ ಅಂತ ಎಲ್ಲರೂ ಕೇಳ್ತಾರೆ. ಇವರಿಗೆ ಆಗುಂಬೆ ಇಷ್ಟ. ನೋಡಲಿಕ್ಕೆ ಚಂದ ಹೌದು, ಆದರೆ ಹದಿನಾಲ್ಕು ಹೇರ್‌ಪಿನ್ ತಿರುವು ಮಕ್ಕಳ ಹೊಟ್ಟೆಗೆ ಚಂದ ಅಲ್ಲ. ಚಾರ್ಮಾಡಿಯದ್ದೂ ಅದೇ ಹಾಡು. ಶಿರಾಡಿಯಲ್ಲಿ ಲಾರಿ, ಟ್ಯಾಂಕರ್ ಕಾಟ ಇದ್ದರೂ ತಿರುವು ಅಷ್ಟು ಬಿಗಿ ಇಲ್ಲ, ನನ್ನ ಓಟು ಅದಕ್ಕೇ. ಮಳೆಗಾಲದಲ್ಲಿ ಮಾತ್ರ ಹೊರಡುವ ಹಿಂದಿನ ದಿನ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿ. 2024ರ ಜುಲೈಯಲ್ಲಿ ದೊಡ್ಡತಪ್ಲು ಹತ್ತಿರ ಗುಡ್ಡ ಜರಿದು ಬಿದ್ದದ್ದು ನೆನಪಿರಬಹುದು.

ಇನ್ನು ಹೊಟ್ಟೆ. ಹಾಸನದಲ್ಲಿ ಏಳು ಗಂಟೆಗೆ ಎರಡು ಇಡ್ಲಿ, ಚಟ್ನಿ ಬೇಡ, ಸಾಂಬಾರೂ ಬೇಡ. ಹಾಲು ಬೇಡ. ಖಾಲಿ ಹೊಟ್ಟೆಯೂ ಬೇಡ, ಅದಕ್ಕೂ ವಾಂತಿ ಬರ್ತದೆ. ಕೈಯಲ್ಲಿ ಒಂದು ಡಬ್ಬಿ ಒಣ ಮಂಡಕ್ಕಿ ಕೊಡಿ, ಒಂದೊಂದೇ ಕಾಳು ತಿನ್ನುತ್ತಾ ಹೊತ್ತು ಹೋಗ್ತದೆ. ಮೊಬೈಲ್ ಸಕಲೇಶಪುರದಲ್ಲೇ ಕಿತ್ತುಕೊಳ್ಳಿ. ಕಣ್ಣು ಪರದೆ ಮೇಲೆ, ಮೈ ತಿರುವಿನಲ್ಲಿ ಇದ್ದರೆ ತಲೆ ಸುತ್ತದೆ ಇರ್ತದಾ? ದೂರ ನೋಡಿಸಬೇಕು. ನಾವು ಲಾರಿ ಎಣಿಸುವ ಆಟ ಆಡ್ತೇವೆ: ಕೆಂಪು ಲಾರಿ ಅವಳದ್ದು, ಉಳಿದದ್ದೆಲ್ಲ ಅಪ್ಪನದ್ದು. ಎ.ಸಿ. ಆರಿಸಿ ಕಿಟಕಿ ಒಂದು ಗೇಣು ಇಳಿಸಿ. ವಾಂತಿಗೆ ಔಷಧಿ ಕೊಡುವುದಾದರೆ ನಿಮ್ಮ ಮಕ್ಕಳ ಡಾಕ್ಟರ್ ಹೇಳಿದ್ದನ್ನೇ ಕೊಡಿ, ದೊಡ್ಡವರ ಮಾತ್ರೆ ಅರ್ಧ ಮಾಡಿ ಕೊಡುವುದು ಬೇಡವೇ ಬೇಡ.

ಇಷ್ಟೆಲ್ಲ ಮಾಡಿಯೂ ಬಂದರೆ? ಪ್ಲಾಸ್ಟಿಕ್ ಚೀಲ ಸಾಲದು, ಮಗು ಬಾಯಿ ತೆರೆಯುವ ಹೊತ್ತಿಗೆ ಚೀಲದ ಬಾಯಿ ತೆರೆಯುವುದಿಲ್ಲ. ಐಸ್‌ಕ್ರೀಮಿನ ದೊಡ್ಡ ಡಬ್ಬಿ ಇದೆಯಲ್ಲ, ಮುಚ್ಚಳ ಗಟ್ಟಿ ಕೂರುವಂಥದ್ದು, ಅದನ್ನು ತೊಳೆದಿಡಿ. ತಳಕ್ಕೆ ಹಳೆಯ ಪೇಪರ್ ಹಾಸಿ ಇವರ ಕಾಲ ಹತ್ತಿರ ಇಡ್ತೇನೆ. ಹಳೆ ಟವೆಲ್ ಎರಡು, ತಲಾ ಒಂದು ಜೊತೆ ಬಟ್ಟೆ ಕೈಗೆ ಸಿಗುವಲ್ಲಿ. ಡಿಕ್ಕಿಯಲ್ಲಿ, ಎಲ್ಲ ಬ್ಯಾಗುಗಳ ಅಡಿಯಲ್ಲಿ ಇಟ್ಟ ಬಟ್ಟೆ ಇದ್ದೂ ಇಲ್ಲದ ಹಾಗೆ.

ಚಿಕ್ಕವನಿಗೆ ಕಾರ್ ಸೀಟ್ ಹಾಕಿಸಿದಾಗ ನನ್ನ ಅತ್ತೆ, "ಮಗೂನ ಹಂಗೆ ಕಟ್ಟಾಕ್ತೀಯೇನೇ?" ಅಂದರು. ಕಟ್ಟಿಹಾಕ್ತೇನೆ. ತೊಡೆ ಮೇಲಿನ ಮಗುವನ್ನು ಬ್ರೇಕ್ ಹೊಡೆದಾಗ ಹಿಡಿದುಕೊಳ್ಳುವ ಶಕ್ತಿ ಯಾರ ಕೈಗೂ ಇಲ್ಲ.

ಗುಂಡ್ಯ ದಾಟಿದ ಮೇಲೆ ಉಪ್ಪಿನಂಗಡಿ, ಬಿ.ಸಿ.ರೋಡ್, ಮಂಗಳೂರು, ಉಡುಪಿ. ದಾರಿ ಸುಲಭ, ಸೆಕೆ ಜಾಸ್ತಿ. ನಂತೂರು ಸರ್ಕಲ್ಲಿಗೆ ಸಂಜೆ ಹೊತ್ತು ಸಿಕ್ಕಿಹಾಕಿಕೊಳ್ಳಬೇಡಿ, ಅಷ್ಟೇ.

ಮನೆ ಮುಟ್ಟಿದ ಕೂಡಲೇ ಎಲ್ಲರೂ ಮಕ್ಕಳನ್ನು ಎತ್ತಿಕೊಂಡು ಮುದ್ದು ಮಾಡ್ತಾರೆ. ಆ ಐದು ನಿಮಿಷದಲ್ಲಿ ನೀವು ಮನೆ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಸಮುದ್ರಕ್ಕೆ ಹೆದರುವ ತಂದೆ ತಾಯಿ ಬಾವಿ ಮರೀತಾರೆ. ನಮ್ಮ ಕಡೆ ಮನೆಗೊಂದು ಬಾವಿ. ದೊಡ್ಡಮ್ಮನ ಮನೆಯ ಬಾವಿಕಟ್ಟೆ ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ, ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲು. ಕಳೆದ ಮೇ ತಿಂಗಳಲ್ಲಿ ಚಿಕ್ಕವನು ಆ ಕಲ್ಲು ಹತ್ತಿ, ಕಟ್ಟೆ ಮೇಲೆ ಎರಡೂ ಕೈ ಊರಿ, ಒಳಗೆ ಬಗ್ಗಿ "ಓ" ಅಂತ ಕೂಗ್ತಾ ಇದ್ದ. ಬಾವಿಯೂ "ಓ" ಅಂದಿತು. ಅವನಿಗೆ ಖುಷಿಯೋ ಖುಷಿ. ನಾನು ಹಿಂದಿನಿಂದ ಹೋಗಿ ಚಡ್ಡಿಯ ಎಲಾಸ್ಟಿಕ್ ಹಿಡಿದೆ, ಕೂಗಲಿಲ್ಲ. ಕೂಗಿದ್ದರೆ ಬೆಚ್ಚಿಬೀಳ್ತಿದ್ದ. ಈಗ ಹೋಗುವ ಮೊದಲೇ ಫೋನ್ ಮಾಡಿ ಬಾವಿಗೆ ಬಲೆ ಹಾಕಿಸಲು ಹೇಳ್ತೇನೆ. ಬೇಜಾರು ಮಾಡಿಕೊಂಡವರು ಯಾರೂ ಇಲ್ಲ. ಬಚ್ಚಲಿನ ಹಂಡೆಯ ಕುದಿಯುವ ನೀರು, ಒಲೆಯ ಕೆಂಡ, ಕಟ್ಟಿದ ನಾಯಿ ಇವನ್ನೂ ನೋಡಿಕೊಳ್ಳಿ.

ನೆಂಟರ ಮನೆ ಲೆಕ್ಕ ದಿನಕ್ಕೆ ಒಂದು. ನಾನು ಒಮ್ಮೆ ಮೂರು ಮನೆ ಮಾಡಿ ಕೆಟ್ಟೆ. "ಊಟಕ್ಕಲ್ಲ, ಬರೀ ಚಾಕ್ಕೆ ಬರ್ತೇವೆ" ಅಂದರೂ ಅಲ್ಲಿ ಕೊಟ್ಟೆ ಕಡುಬು, ಪಾಯಸ, ಕಾಶಿ ಹಲ್ವ ಕಾದಿರ್ತದೆ. ಚಿಕ್ಕವನಿಗೆ ಸಾಕು ಅಂದರೆ ದೊಡ್ಡಮ್ಮ, "ಎಂತದೂ ಆತಿಲ್ಲೆ, ಒಂದ್ ಕಡುಬ್ ತಿನ್ಲಿ" ಅಂತಾರೆ. ಎಂತದೂ ಆಗದೆ ಇರುವುದಿಲ್ಲ, ರಾತ್ರಿ ಎರಡಕ್ಕೆ ಏಳುವವಳು ನಾನು. ಅದಕ್ಕೆ ಒಂದು ಉಪಾಯ: ಹೋದ ತಕ್ಷಣ ನಾನೇ ಬಾಯಿಬಿಟ್ಟು, "ಮಕ್ಕಳಿಗೆ ಕುಚ್ಚಲಕ್ಕಿ ಗಂಜಿ ಉಂಟಾ?" ಅಂತ ಕೇಳಿಬಿಡ್ತೇನೆ. ಕೇಳಿ ಉಣ್ಣುವ ಮಕ್ಕಳೆಂದರೆ ಅವರಿಗೆ ಪ್ರೀತಿ, ಉಪ್ಪು ಹಾಕಿದ ಗಂಜಿಯೆಂದರೆ ಹೊಟ್ಟೆಗೂ ಹಿತ. ಮೀನು ತಿನ್ನುವ ಮನೆಯಾದರೆ ಮಕ್ಕಳಿಗೆ ಕಾಣೆ ಮೀನು ಕೇಳಿ, ಮುಳ್ಳು ಬಿಡಿಸುವುದು ಸುಲಭ. ಬಂಗುಡೆ ದೊಡ್ಡವರಿಗಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಮೀನಿನ ಆಸೆ ಇಟ್ಟುಕೊಂಡು ಹೋಗಬೇಡಿ.

ಕಡಲಿಗೆ ಸಂಜೆ ನಾಲ್ಕೂವರೆಯ ಮೇಲೆ. ಮಲ್ಪೆ, ಕೋಡಿ ಎರಡೂ ನಮಗೆ ಹತ್ತಿರ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಫೋಟೋಕ್ಕೆ ಸರಿ, ಆದರೆ ಬಸ್ಸು ಹಾರಿ ಬರುವ ರಸ್ತೆಯ ಬದಿ ಎರಡೂವರೆ ವರ್ಷದವನನ್ನು ಇಳಿಸುವ ಧೈರ್ಯ ನನಗಿಲ್ಲ, ಕಾರೊಳಗಿಂದಲೇ ತೋರಿಸ್ತೇನೆ. ಸೇಂಟ್ ಮೇರೀಸ್ ದ್ವೀಪಕ್ಕೆ ದೊಡ್ಡವಳನ್ನು ಮಾತ್ರ ಕರಕೊಂಡು ಹೋದೆವು. ಕಂಬ ಕಂಬದ ಕಪ್ಪು ಬಂಡೆ ನೋಡಿ ಅವಳು ಕುಣಿದಳು, ಆದರೆ ಕಾಲಡಿ ಪೂರಾ ಚಿಪ್ಪು, ಚಪ್ಪಲಿ ಬಿಚ್ಚುವಂತಿಲ್ಲ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ನೀರಲ್ಲಿ ನಮ್ಮದು ಒಂದೇ ನಿಯಮ: ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈ ಬಿಡುವಂತಿಲ್ಲ, ನೀರು ಮಗುವಿನ ಮೊಣಕಾಲು ದಾಟುವಂತಿಲ್ಲ. ಚಿಕ್ಕಪ್ಪ, ಮಾವ ಎಂಟು ಜನ ಇದ್ದಾಗ ಎಲ್ಲರೂ ಇನ್ನೊಬ್ಬರು ನೋಡ್ತಿದ್ದಾರೆ ಅಂದುಕೊಳ್ತಾರೆ. ಹಾಗಾಗಿ ಇಳಿಯುವ ಮೊದಲೇ ಹೆಸರು ಹಿಡಿದು ಹೇಳಿ. ಹೋಗುವಾಗ ಡಿಕ್ಕಿಯಲ್ಲಿ ಐದೈದು ಲೀಟರಿನ ಎರಡು ಕ್ಯಾನು ನೀರು ತುಂಬಿಸಿ. ಬಿಸಿಲಿಗೆ ನಿಂತ ಕಾರಲ್ಲಿ ಅದು ಬೆಚ್ಚಗಾಗಿರ್ತದೆ, ಅಲ್ಲೇ ಕಾಲು ಮೈ ತೊಳೆದು ಬಟ್ಟೆ ಬದಲಿಸಿದರೆ ಮರಳು ಕಾರಿಗೆ ಬರುವುದಿಲ್ಲ. ಪೂರ್ತಿ ಬರುವುದಿಲ್ಲ ಅಂತಲ್ಲ, ಅರ್ಧ ಬರ್ತದೆ.

ವಾಪಸ್ ಬರುವಾಗಿನ ಸಮಸ್ಯೆ ಜಾಗದ್ದು. ಹೋಗುವಾಗಲೇ ಡಿಕ್ಕಿಯ ಅರ್ಧ ಖಾಲಿ ಬಿಡಿ, ತೆಂಗಿನಕಾಯಿ, ಹಪ್ಪಳ, ಕುಚ್ಚಲಕ್ಕಿ ಬಂದೇ ಬರ್ತದೆ. ಎಲ್ಲದಕ್ಕೂ ಹೂಂ ಅನ್ನಿ, ಹಲಸಿನಹಣ್ಣು ಒಂದು ಬಿಟ್ಟು. ಹೋದ ವರ್ಷ ದೊಡ್ಡಮ್ಮ ನನಗೆ ಗೊತ್ತಾಗದಂತೆ ಹಿಂದೆ ಇಡಿಸಿದ್ದರು. ಬಿ.ಸಿ.ರೋಡಿನಲ್ಲಿ ಘಮ ಶುರುವಾಯಿತು, ನೆಲ್ಯಾಡಿಯಲ್ಲಿ ದೊಡ್ಡವಳು ಡಬ್ಬಿ ಕೇಳಿದಳು. ಘಾಟಿ ಹತ್ತುವ ಮೊದಲು ಗುಂಡ್ಯದಲ್ಲಿ ಚಾ ಕುಡಿದು, ಹಣ್ಣನ್ನು ಅಂಗಡಿಯವರಿಗೇ ಕೊಟ್ಟು ಬಂದೆವು. ದೊಡ್ಡಮ್ಮ ರಾತ್ರಿ ಫೋನ್ ಮಾಡಿ ಹಣ್ಣು ಹೇಗಿತ್ತು ಅಂತ ಕೇಳಿದರು. ಸಿಹಿ ಇತ್ತು ಅಂದೆ.