ಪುಡಿ ಉದುರಿಸಿ ಹಲ್ಲಿನ ಪ್ಲೇಟ್ ಮಾಡುವುದು ಹೇಗೆ?

ಹಲ್ಲಿಗೆ ಹಾಕಿದ ತಂತಿ ಬಿಚ್ಚಿದ ಮೇಲೆ ಹಲ್ಲು ಮತ್ತೆ ಹಳೇ ಜಾಗಕ್ಕೆ ಸರಿಯಬಾರದು ಅಂತ ಡಾಕ್ಟರು ಒಂದು ಪ್ಲೇಟ್ ಕೊಡುತ್ತಾರಲ್ಲ, ಅದೇ ಹಾಲೀಸ್ ರಿಟೇನರ್. ವಿಜಯಪುರದ ನಮ್ಮ ಲ್ಯಾಬಿನಲ್ಲಿ ಇದನ್ನು ಕೋಲ್ಡ್ ಕ್ಯೂರ್ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್‌ನಲ್ಲಿ ಮಾಡುತ್ತೇವೆ. ಪೌಡರ್ ಮತ್ತು ಲಿಕ್ವಿಡ್ ಸೇರಿದರೆ ಸಾಕು, ಕುದಿಸದೆಯೇ ತಾನಾಗಿ ಗಟ್ಟಿಯಾಗುತ್ತದೆ.

ಮೊದಲು ಬಾಯಿಯ ಅಚ್ಚನ್ನು, ಅಂದರೆ ಸ್ಟೋನ್ ಮಾಡೆಲನ್ನು, ಹತ್ತು ನಿಮಿಷ ನೀರಲ್ಲಿ ನೆನೆಸಿ. ಒಳಗಿನ ಗಾಳಿ ಗುಳುಗುಳು ಅಂತ ಹೊರಬರುತ್ತದೆ. ಮೇಲಿನ ನೀರು ಒರೆಸಿ, ಅಕ್ರಿಲಿಕ್ ಅಂಟದಂತೆ ಕೋಲ್ಡ್ ಮೌಲ್ಡ್ ಸೀಲ್ ಎರಡು ಸಲ ಬಳಿಯಿರಿ. ಪ್ಲೇಟನ್ನು ಹಲ್ಲಿಗೆ ಹಿಡಿದಿಡಲು ಬಗ್ಗಿಸಿಟ್ಟ 0.7 ಮಿ.ಮೀ. ತಂತಿಗಳನ್ನು ತುಟಿಯ ಕಡೆಯಿಂದ ಮೇಣ ಹಾಕಿ ಕೂರಿಸಿ. ತಂತಿಯ ಬಾಲ ಮಾಡೆಲಿನ ಅಂಗುಳಕ್ಕೆ ತಾಗಬಾರದು. ಅದರ ಕೆಳಗೂ ಅಕ್ರಿಲಿಕ್ ಹರಿಯಬೇಕಲ್ವಾ?

ಇನ್ನು ಮೇಣ ಕರಗಿಸಿದ ಸ್ಪಿರಿಟ್ ದೀಪ ಆರಿಸಿ, ಕಿಟಕಿ ತೆರೆಯಿರಿ. ಲಿಕ್ವಿಡ್‌ಗೆ ಬೆಂಕಿ ಬೇಗ ಹತ್ತುತ್ತದೆ, ಅದರ ವಾಸನೆಗೆ ತಲೆಯೂ ಹಿಡಿಯುತ್ತದೆ.

ಈಗ ಕೈಚಳಕ. ರಂಗೋಲಿ ಪುಡಿ ಬಿಟ್ಟಂತೆ ಒಂದು ಮೂಲೆಯಲ್ಲಿ ತೆಳ್ಳಗೆ ಪೌಡರ್ ಉದುರಿಸಿ, ಅದು ಒದ್ದೆಯಾಗುವಷ್ಟೇ ಲಿಕ್ವಿಡ್ ಹನಿಸಿ. ಮತ್ತೆ ಪುಡಿ, ಮತ್ತೆ ಹನಿ. ಲಿಕ್ವಿಡ್ ಜಾಸ್ತಿಯಾದರೆ ಎಲ್ಲ ಜಾರಿ ಅಂಗುಳದ ಗುಂಡಿಗೆ ಇಳಿಯುತ್ತದೆ, ಅಂಚು ಬರಿದಾಗುತ್ತದೆ. ಹಾಗಾಗಿ ಮಾಡೆಲನ್ನು ಓರೆ ಹಿಡಿದು ಒಂದೊಂದೇ ಕಡೆ ಮುಗಿಸಿ. ಎಲ್ಲೆಡೆ ಎರಡು, ಎರಡೂವರೆ ಮಿ.ಮೀ. ದಪ್ಪ ಸಾಕು. ಅದಕ್ಕಿಂತ ದಪ್ಪ ಮಾಡಿದರೆ ಪಾಪ, ಹುಡುಗರಿಗೆ 'ಸ' ಅನ್ನೋಕೂ ನಾಲಿಗೆ ತೊಡರುತ್ತದೆ.

ನಮ್ಮೂರಿನ ಮೇ ತಿಂಗಳಲ್ಲಿ ಈ ಕೆಲಸ ಇನ್ನೂ ಕಷ್ಟ. ಹನಿ ಬಿಟ್ಟದ್ದೇ ತಡ, ಆರಿಹೋಗುತ್ತದೆ. ಒಮ್ಮೆ ಅವಸರದಲ್ಲಿ ಪ್ರೆಷರ್ ಪಾಟ್‌ಗೆ, ಅಂದರೆ ಒತ್ತಡ ಕೊಡುವ ಮುಚ್ಚಿದ ಪಾತ್ರೆಗೆ, ಹಾಕದೆ ಸುಮ್ನೆ ಟೇಬಲ್ ಮೇಲೇ ಬಿಟ್ಟೆ. ಪ್ಲೇಟ್ ತುಂಬಾ ಸಾಸಿವೆ ಕಾಳಿನಂಥ ಬಿಳಿ ಗುಳ್ಳೆ! ಪೂರ್ತಿ ಒಡೆದು ಹೊಸದಾಗಿ ಮಾಡಬೇಕಾಯಿತು. ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಈ ಕೆಲಸಕ್ಕೆ ಕೂರುತ್ತೇನೆ.

ಪುಡಿಯ ಹೊಳಪು ಹೋಗುತ್ತಿದ್ದಂತೆ ಮಾಡೆಲನ್ನು 40-45 ಡಿಗ್ರಿ ನೀರಿರುವ ಪ್ರೆಷರ್ ಪಾಟ್‌ನಲ್ಲಿ ಮುಳುಗಿಸಿ, ಸುಮಾರು 2 ಬಾರ್ ಒತ್ತಡದಲ್ಲಿ 10-15 ನಿಮಿಷ ಬಿಡಿ. ಆಮೇಲೆ ಬರ್‌ನಿಂದ, ಅಂದರೆ ತಿರುಗುತ್ತಾ ಉಜ್ಜುವ ಪುಟ್ಟ ಮೊನೆಯಿಂದ, ಅಂಚು ತಿದ್ದಿ, ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಒದ್ದೆ ಪ್ಯೂಮಿಸ್ ಕಲ್ಲಿನ ಪುಡಿ ಹಚ್ಚಿ ಹೊಳಪು ಕೊಡಿ. ನಾಲಿಗೆ ತಾಗುವ ಕಡೆಗೆ ಮಾತ್ರ. ಅಂಗುಳಕ್ಕೆ ಕೂರುವ ಕಡೆ ಉಜ್ಜಿದರೆ ಪ್ಲೇಟ್ ಸಡಿಲವಾಗುತ್ತದೆ.

ಕೊಡುವ ಮುಂಚೆ ಒಂದು ದಿನ ನೀರಲ್ಲಿಡಿ, ಉಳಿದ ಲಿಕ್ವಿಡ್ ಬಿಟ್ಟುಕೊಳ್ಳುತ್ತದೆ. ತಣ್ಣೀರಲ್ಲೇ ತೊಳೆಯಲು ಹೇಳಿ. ಕುದಿಯೋ ನೀರು ಹಾಕಿ ಡೊಂಕಾದ ಪ್ಲೇಟ್ ಹಿಡಿದು ಬರುವವರು ನಮ್ಮಲ್ಲಿ ಇದ್ದೇ ಇರುತ್ತಾರೆ.